1022ನೆಯ ಫೈಲು ತೆರೆಯದೆ ಹೋದದ್ದು ಯಾಕೆ?

ನಮ್ಮ ಶಾಲೆಯಲ್ಲಿ ಮಳೆಮಾಪಕದ ಲೆಕ್ಕವನ್ನು ದಿನಕ್ಕೊಂದು ಫೈಲಿನ ಹಾಗೆ ಕಂಪ್ಯೂಟರಿನಲ್ಲಿ ಬರೆದಿಡುತ್ತೇವೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಫೈಲುಗಳನ್ನೆಲ್ಲ ಓದಿ ಒಟ್ಟು ಮಳೆಯನ್ನು ಕೂಡಿಸುವ ಪೈಥಾನ್ ಪ್ರೋಗ್ರಾಂ ಬರೆದಳು. ಎರಡು ವರ್ಷದ ಲೆಕ್ಕ ಸರಿಯಾಗಿಯೇ ಬಂತು. ಮೂರನೆಯ ವರ್ಷದ್ದನ್ನೂ ಸೇರಿಸಿದಾಗ ಅಕ್ಟೋಬರ್ ತಿಂಗಳ ನಡುವೆ ಪ್ರೋಗ್ರಾಂ ನಿಂತುಬಿಟ್ಟಿತು. ಪರದೆಯ ಮೇಲೆ ‘ಟೂ ಮೆನಿ ಓಪನ್ ಫೈಲ್ಸ್’ ಎಂಬ ಸಂದೇಶ. ತೆರೆದಿಟ್ಟ ಫೈಲುಗಳು ಅತಿಯಾದವು ಎಂದು ಅದರ ಅರ್ಥ.

“ಟೀಚರೇ, ಕಂಪ್ಯೂಟರ್ ಹಾಳಾಯ್ತಾ?” ಎಂದು ಕೇಳಿದಳು. ಹೆದರಿದ್ದಳು ಪಾಪ.

ಹಾಳಾದದ್ದಲ್ಲ. ಆ ಯಂತ್ರದ ಕರ್ನೆಲ್ ‘ಇನ್ನು ಕೊಡಲಾರೆ’ ಎಂದಿತ್ತು, ಅಷ್ಟೆ. ಕೇರಳದ ಶಾಲಾ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್ ಎಂದು ನಿಮಗೆ ಗೊತ್ತಲ್ಲ? ಕರ್ನೆಲ್ ಅಂದರೆ ಆ ಆಪರೇಟಿಂಗ್ ಸಿಸ್ಟಮಿನ ತಿರುಳು. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಪ್ರೊಸೆಸರಿನ ಎಷ್ಟು ಸಮಯ, ಎಷ್ಟು ಫೈಲು ಎಂದು ಹಂಚುವುದು ಅದರ ಕೆಲಸ.

ನಮ್ಮ ಲೈಬ್ರರಿಯ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಪುಸ್ತಕ ಕೊಂಡುಹೋದರೆ ಒಂದು ಸಾಲು ತುಂಬುತ್ತದೆ, ತಂದುಕೊಟ್ಟರೆ ಖಾಲಿಯಾಗುತ್ತದೆ. ಕರ್ನೆಲ್ ಕೂಡ ನಡೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಇಂಥ ಒಂದು ಪಟ್ಟಿ ಇಡುತ್ತದೆ. ತೆರೆದ ಪ್ರತಿ ಫೈಲಿಗೂ ಅದರಲ್ಲಿ ಒಂದು ಸಂಖ್ಯೆ. ಎಣಿಕೆ ಸೊನ್ನೆಯಿಂದ ಶುರು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಮಿತಿ 1024, ಅಂದರೆ 0ಯಿಂದ 1023ರವರೆಗಿನ ಸಂಖ್ಯೆಗಳು. ಇವುಗಳಲ್ಲಿ 0, 1, 2 ಮೊದಲೇ ಖರ್ಚಾಗಿರುತ್ತವೆ: ಕೀಬೋರ್ಡಿನಿಂದ ಓದಲು ಒಂದು, ಪರದೆಗೆ ಬರೆಯಲು ಒಂದು, ತಪ್ಪಿನ ಸಂದೇಶ ತೋರಿಸಲು ಇನ್ನೊಂದು. ಉಳಿದದ್ದು 1021. ನಮ್ಮ ಹುಡುಗಿ ‘ಕೊನೆಗೆ ಒಟ್ಟಿಗೇ ಮುಚ್ಚೋಣ’ ಎಂದು ತೆರೆದ ಫೈಲುಗಳನ್ನೆಲ್ಲ ಹಾಗೇ ಇಟ್ಟುಕೊಂಡಿದ್ದಳು. 1022ನೆಯದಕ್ಕೆ ಜಾಗ ಇರಲಿಲ್ಲ.

ಮಿತಿ ಇಲ್ಲದಿದ್ದರೆ ಎಂತ ಆಗುತ್ತಿತ್ತು? ಪ್ರತಿ ತೆರೆದ ಫೈಲಿಗೂ ಕರ್ನೆಲ್ ತನ್ನ ಮೆಮೊರಿಯಲ್ಲಿ ಸ್ವಲ್ಪ ಜಾಗ ಕೊಡಬೇಕು. ಮುಚ್ಚುವುದನ್ನೇ ಮರೆತ ಒಂದು ಪ್ರೋಗ್ರಾಂ ಹಗಲಿರುಳು ಓಡುತ್ತಾ ಇದ್ದರೆ ಅದರ ತಪ್ಪಿಗೆ ಉಳಿದ ಎಲ್ಲರ ಕೆಲಸವೂ ನಿಲ್ಲುತ್ತದೆ. ಮಿತಿ ಇರುವುದರಿಂದ ತಪ್ಪು ಮಾಡಿದ ಪ್ರೋಗ್ರಾಂ ಮಾತ್ರ ನಿಲ್ಲುತ್ತದೆ.

ಇದಕ್ಕಿಂತ ಅಪಾಯದ್ದು, ತನ್ನದೇ ಪ್ರತಿ ಹುಟ್ಟಿಸುತ್ತಾ ಹೋಗುವ ಪ್ರೋಗ್ರಾಂ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತೇ ಸಲ ಇಮ್ಮಡಿಯಾದರೆ 1024; ಹದಿನೈದು ಸಲಕ್ಕೆ 32,768. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಇಂಟರ್‌ನೆಟ್ಟಿಗೆ ಬಿಟ್ಟ ಹುಳು-ಪ್ರೋಗ್ರಾಂ ಯಾರ ಫೈಲನ್ನೂ ಅಳಿಸಲಿಲ್ಲ. ಒಂದೇ ಯಂತ್ರದೊಳಗೆ ಮತ್ತೆ ಮತ್ತೆ ನುಗ್ಗಿ ಅದರ ಪ್ರತಿಗಳು ತುಂಬಿಕೊಂಡವು. ಯಂತ್ರಗಳು ಉಸಿರುಕಟ್ಟಿ ನಿಂತವು. ಒಬ್ಬ ಬಳಕೆದಾರ ಎಷ್ಟು ಪ್ರೋಗ್ರಾಂ ಓಡಿಸಬಹುದು ಎಂಬ ಮಿತಿಯೂ ಕರ್ನೆಲಿನಲ್ಲಿ ಇದೆ. ಆದರೆ ಅದನ್ನು ಎಷ್ಟೋ ಕಡೆ ತುಂಬಾ ದೊಡ್ಡದಾಗಿ ಬಿಟ್ಟಿರುತ್ತಾರೆ, ಹಾಗಾಗಿ ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸಲು ಹೋಗಬೇಡಿ!

ಪ್ರತಿ ಮಿತಿಗೂ ಎರಡು ಗೆರೆ. ಒಳಗಿನದು ಸಾಫ್ಟ್ ಲಿಮಿಟ್, ಹೊರಗಿನದು ಹಾರ್ಡ್ ಲಿಮಿಟ್. ಪ್ರೋಗ್ರಾಮನ್ನು ತಡೆಯುವುದು ಒಳಗಿನ ಗೆರೆ. ಅಗತ್ಯ ಬಿದ್ದರೆ ಅದನ್ನು ಹೊರಗಿನ ಗೆರೆಯವರೆಗೆ ನೀವೇ ಸರಿಸಿಕೊಳ್ಳಬಹುದು. ಹೊರಗಿನ ಗೆರೆಯನ್ನು ನೀವು ಒಳಕ್ಕೆ ಎಳೆಯಬಹುದೇ ಹೊರತು ಮತ್ತೆ ಹೊರಕ್ಕೆ ತಳ್ಳಲಾರಿರಿ. ಆ ಅಧಿಕಾರ ಯಂತ್ರದ ಮೇಲ್ವಿಚಾರಕನಾದ ರೂಟ್ ಬಳಕೆದಾರನದ್ದು. ಒಂದು ಪ್ರೋಗ್ರಾಂ ಹುಟ್ಟಿಸಿದ ಮರಿ-ಪ್ರೋಗ್ರಾಮಿಗೂ ತಾಯಿಯ ಮಿತಿಯೇ ಬರುತ್ತದೆ. ಇಲ್ಲದಿದ್ದರೆ ಮರಿ ಹಾಕಿಯೇ ತಪ್ಪಿಸಿಕೊಳ್ಳಬಹುದಿತ್ತಲ್ಲ!

ಎರಡು ಗೆರೆ ಯಾಕೆ ಎಂಬುದು ಪ್ರೊಸೆಸರ್ ಸಮಯದ ಮಿತಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮುಗಿಯದ ಲೂಪಿನಲ್ಲಿ ಸಿಕ್ಕಿಬಿದ್ದ ಪ್ರೋಗ್ರಾಂ ಒಳಗೆರೆ ಮುಟ್ಟಿದಾಗ ಕರ್ನೆಲ್ ಒಂದು ಎಚ್ಚರಿಕೆ ಕಳಿಸುತ್ತದೆ. ಸುಮ್ಮನೆ ಬಿಟ್ಟರೆ ಆ ಎಚ್ಚರಿಕೆಗೇ ಪ್ರೋಗ್ರಾಂ ಮುಗಿಯುತ್ತದೆ. ಜಾಣತನದಿಂದ ಬರೆದ ಪ್ರೋಗ್ರಾಂ ಮಾತ್ರ ಅದನ್ನು ಹಿಡಿದು, ತನ್ನ ಕೆಲಸವನ್ನು ಉಳಿಸಿಕೊಂಡು ಹೊರಬೀಳಬಹುದು. ಹೊರಗೆರೆ ಮುಟ್ಟಿದರೆ ಮಾತಿಲ್ಲ, ಕೊಂದೇ ಬಿಡುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಗೋಡೆ ಗಡಿಯಾರದ ಸಮಯವಲ್ಲ, ಪ್ರೊಸೆಸರ್ ದುಡಿದ ಸಮಯ. ನೀವು ಉತ್ತರ ಟೈಪ್ ಮಾಡುವುದನ್ನು ಕಾಯುತ್ತಾ ಕೂತ ಹೊತ್ತು ಲೆಕ್ಕಕ್ಕಿಲ್ಲ.

ನಿಮ್ಮ ಯಂತ್ರದ ಫೈಲು ಮಿತಿ ನೋಡಬೇಕೇ? ಟರ್ಮಿನಲ್ ತೆರೆದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಯು, ಎಲ್, ಐ, ಎಂ, ಐ, ಟಿ ಎಂದು ಬರೆಯಿರಿ. ಒಂದು ಜಾಗ ಬಿಟ್ಟು ಅಡ್ಡಗೀಟು, ಅದಕ್ಕೆ ತಾಗಿ ಎನ್. ಬರುವುದು ಒಳಗೆರೆ. ಅಡ್ಡಗೀಟಿಗೂ ಎನ್‌ಗೂ ನಡುವೆ ದೊಡ್ಡ ಎಚ್ ಸೇರಿಸಿದರೆ ಹೊರಗೆರೆ.

ಇದನ್ನು ತೋರಿಸಿದ ಕೂಡಲೇ ಹುಡುಗಿ “ಹಾಗಾದ್ರೆ ಮಿತಿಯನ್ನೇ 2000 ಮಾಡುವ ಟೀಚರೇ” ಎಂದಳು. ಮಾಡಬಹುದಿತ್ತು. ಆರನೆಯ ವರ್ಷದ ಮಳೆ ಬರುವವರೆಗೆ ನಡೆಯುತ್ತಿತ್ತು ಕೂಡ. ನೂರಾರು ಜನರಿಗೆ ಒಮ್ಮೆಗೇ ಉತ್ತರಿಸುವ ಸರ್ವರಿಗೆ ಮಿತಿ ಏರಿಸುವುದು ನ್ಯಾಯ, ಅಲ್ಲಿ ಅಷ್ಟೂ ಫೈಲು ನಿಜಕ್ಕೂ ಬೇಕು. ಇವಳಿಗೆ ಒಂದು ಹೊತ್ತಿಗೆ ಬೇಕಾದದ್ದು ಒಂದೇ ಫೈಲು.

ಸ್ವಲ್ಪ ಯೋಚಿಸಿ, ಮುಚ್ಚುವ ಸಾಲನ್ನು ಲೂಪಿನ ಒಳಗೆ ತಂದಳು. ಈಗ ಪ್ರೋಗ್ರಾಂ ಯಾವ ಹೊತ್ತಿಗೂ ನಾಲ್ಕಕ್ಕಿಂತ ಹೆಚ್ಚು ಸಂಖ್ಯೆ ಬಳಸುವುದಿಲ್ಲ. ಮೂರು ವರ್ಷದ ಮಳೆಯೂ ಒಟ್ಟಿಗೆ ಕೂಡಿ ಬಂತು.