ದಾಳಿಂಬೆ ತೋಟಕ್ಕೆ ಯಾವ ಚಾಕು?
ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕಡಿಮೆ, ತುಕ್ಕಿನ ಕಾಟವೂ ಕಡಿಮೆ. ಕಮ್ಮಾರ ಬಡಿದುಕೊಟ್ಟ ಸಾದಾ ಉಕ್ಕಿನ ಮಡಚುವ ಚಾಕೇ ಸಾಕು, ಬೇಗ ಹರಿತವಾಗುತ್ತದೆ ಅನ್ನುವವರಿದ್ದಾರೆ. ತರಕಾರಿ ಮಡಿಗೆ ಆ ಮಾತು ಸರಿ. ದಾಳಿಂಬೆಗೆ ಅಲ್ಲ. ದುಂಡಾಣು ಅಂಗಮಾರಿ ರೋಗ ಗಾಯದ ಮೂಲಕ ಗಿಡದೊಳಗೆ ಇಳಿಯುತ್ತದೆ, ಅಲಗಿಗಂಟಿ ಮುಂದಿನ ಗಿಡಕ್ಕೂ ದಾಟುತ್ತದೆ. ಅದಕ್ಕೇ ಒಂದೊಂದು ಗಿಡ ಮುಗಿದಾಗಲೂ ಅಲಗನ್ನು ಶೇ. 2.5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಸಾದಾ ಉಕ್ಕನ್ನು ಈ ದ್ರಾವಣ ಬೇಗ ತಿನ್ನುತ್ತದೆ. ಸ್ಟೇನ್‌ಲೆಸ್ ಹೆಚ್ಚು ತಾಳುತ್ತದೆ. ಅದನ್ನು ಮಸೆಯಲು ಹೊತ್ತು ಹಿಡಿಯುತ್ತದೆ, ನಿಜ. ರೋಗ ಹತ್ತಿದ ತೋಟದ ನಷ್ಟದ ಮುಂದೆ ಅದು ಸಣ್ಣ ಶ್ರಮ.

ಕೊಳ್ಳುವಾಗ ಲಾಕ್ ಗಟ್ಟಿಯಿದೆಯಾ ನೋಡಿ. ಎಳೆ ಚಿಗುರಿಗೆ ಚಾಕು, ಬಲಿತ ಕೊಂಬೆಗೆ ಚಾಟನಿ ಕತ್ತರಿ. ಸಂಜೆ ತೊಳೆದು ಒರೆಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆಯೇ ಆದರೂ ಶೇಂಗಾ ಎಣ್ಣೆ ಬೇಡ, ಅದು ಕೀಲಿನಲ್ಲಿ ಅಂಟುಗಟ್ಟುತ್ತದೆ.