ಭಕ್ತರೂ ಬೇರೆಯವರೂ ಕೂಡಿ ಬರೆಯುವ ಪುಟ

ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರೆತ್ತಿದ ಕೂಡಲೇ ಒಂದು ವಾಕ್ಯ ಬೆನ್ನಿಗೇ ಬರುತ್ತದೆ: ಅಶೋಕನ ಹೆಸರಿರುವ ಏಕೈಕ ಶಾಸನ ಇಲ್ಲಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಇದು ಬಾಯಿಪಾಠ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಈ ಬಂಡೆಬರಹ ಬಿದ್ದಾಗ, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದಾಗ, ಆ ಮಾತು ನಿಜವೇ ಆಗಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದು ಹೊತ್ತವನು ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಒದಗಿಸಿದ್ದು ಮಸ್ಕಿ. ಮುಂದೆ 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ, 1970ರ ದಶಕದಲ್ಲಿ ತುಂಗಭದ್ರೆಯ ಆಚೆ ದಂಡೆಗೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅದೇ ಹೆಸರು ಸಿಕ್ಕಿತು. ಹಾಗಾಗಿ ಮಸ್ಕಿಯದು ಮೊದಲನೆಯದು, ಏಕೈಕವಲ್ಲ. ಮೊದಲನೆಯದು ಎಂಬ ಹಿರಿಮೆಯೇನೂ ಸಣ್ಣದಲ್ಲ.

ಆದರೆ ಬಾಯಿಪಾಠವಾದ ವಾಕ್ಯವನ್ನು ತಿದ್ದುವವರು ಯಾರು? ಅಚ್ಚಾದ ಪುಸ್ತಕವಾದರೆ ಮರುಮುದ್ರಣಕ್ಕೆ ಕಾಯಬೇಕು. ವಿಕಿಪೀಡಿಯದಲ್ಲಾದರೆ ಮಸ್ಕಿಯ ಕಾಲೇಜು ವಿದ್ಯಾರ್ಥಿಯೇ ಇವತ್ತು ಸಂಜೆ ಮೊಬೈಲಿನಲ್ಲಿ ತಿದ್ದಬಹುದು. ತಿದ್ದಿದ್ದಕ್ಕೆ ಪ್ರಕಟಿತ ಆಧಾರ ಕೊಡಬೇಕು, ಒಪ್ಪದವರು ಪ್ರಶ್ನಿಸಿದರೆ ಉತ್ತರಿಸಬೇಕು, ಅಷ್ಟೇ. ಸಂಬಳವಿಲ್ಲದೆ ಈ ಕೆಲಸ ಮಾಡುತ್ತ ಬಂದಿರುವವರ ಒಂದು ಬಳಗ ಕನ್ನಡದಲ್ಲಿ 2003ರಿಂದಲೂ ಇದೆ. ಹೊರಗಿನವರಿಗೆ ಅದರ ಒಳಗಿನ ರೀತಿ ಗೊತ್ತಿರುವುದು ಕಡಿಮೆ.

ಕನ್ನಡ ವಿಕಿಪೀಡಿಯದ ಯಾವ ಲೇಖನ ತೆರೆದರೂ ತಲೆಯ ಮೇಲೆ ‘ಚರ್ಚೆ’ ಎಂಬ ಕೊಂಡಿ ಇರುತ್ತದೆ. ಲೇಖನದಲ್ಲಿ ಏನಿರಬೇಕು, ಏನಿರಬಾರದು ಎಂಬ ವಾದವೆಲ್ಲ ಅಲ್ಲಿ ನಡೆಯುತ್ತದೆ. ಪಕ್ಕದಲ್ಲಿ ಇತಿಹಾಸದ ಕೊಂಡಿ. ಯಾರು, ಯಾವ ಹೊತ್ತಿಗೆ, ಯಾವ ಸಾಲನ್ನು ಬದಲಿಸಿದರು ಎಂಬುದು ಅಲ್ಲಿ ಅಳಿಯದೆ ಉಳಿದಿರುತ್ತದೆ. ಹಳೆಯ ರೂಪ ಬೇಕೆಂದರೆ ಒಂದೇ ಒತ್ತಿಗೆ ವಾಪಸು. ಯಾವುದೇ ಒಂದು ಲೇಖನಕ್ಕೆ ಸೇರದ, ಇಡೀ ಸಮುದಾಯಕ್ಕೆ ಸಂಬಂಧಿಸಿದ ಮಾತುಗಳಿಗೆ ಇರುವ ಪುಟದ ಹೆಸರೇ ‘ಅರಳಿ ಕಟ್ಟೆ’. ಹರಿಪ್ರಸಾದ್ ನಾಡಿಗ್, ಯು.ಬಿ. ಪವನಜ, ಓಂಶಿವಪ್ರಕಾಶ್ ಮುಂತಾದವರು ಬೇರೆ ಬೇರೆ ಘಟ್ಟಗಳಲ್ಲಿ ಈ ಕಟ್ಟೆಯನ್ನು ಜೀವಂತವಾಗಿಟ್ಟರು. ಲೇಖನಗಳ ಸಂಖ್ಯೆ ಈಗ 30 ಸಾವಿರ ದಾಟಿದೆ. ಇಂಗ್ಲಿಷಿನಲ್ಲಿ ಅದು 60 ಲಕ್ಷಕ್ಕೂ ಮೇಲೆ.

ವಿಶ್ವಕೋಶ ನಮಗೆ ಹೊಸದಲ್ಲ. ನಿಜಗುಣ ಶಿವಯೋಗಿಯ ‘ವಿವೇಕ ಚಿಂತಾಮಣಿ’ಯನ್ನು ಕನ್ನಡದ ಮೊದಲ ವಿಶ್ವಕೋಶ ಎನ್ನುವವರಿದ್ದಾರೆ. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ ಬಂತು. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ಕನ್ನಡ ವಿಶ್ವಕೋಶ ತಂದಿತಲ್ಲದೆ, 2014ರಲ್ಲಿ ಅದರ ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಗೆ ಒಪ್ಪಿಸಿತು. ಒಂದು ವಿಶ್ವವಿದ್ಯಾಲಯ ಹೀಗೆ ಮಾಡಿದ್ದನ್ನು ನಾವು ಸಾಕಷ್ಟು ಹೊಗಳಿಲ್ಲ ಅನ್ನಿಸುತ್ತದೆ.

ಊರು, ನದಿ, ಸಿನಿಮಾ ಇವುಗಳ ಬಗ್ಗೆ ಹತ್ತು ಜನ ಸೇರಿ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಬರುವುದು ಧರ್ಮದ ಪುಟಗಳಲ್ಲಿ, ಅದರಲ್ಲೂ ನಮ್ಮದಲ್ಲದ ಧರ್ಮದ ಪುಟಗಳಲ್ಲಿ. ಯಹೂದಿ ಧರ್ಮವನ್ನೇ ನೋಡಿ. ಕನ್ನಡ ಓದುಗನಿಗೆ ಯಹೂದಿಗಳು ಗೊತ್ತಿರುವುದು ಹೆಚ್ಚಾಗಿ ಮೂರು ಕಡೆಯಿಂದ: ಬೈಬಲಿನ ಕಥೆಗಳು, ಹಿಟ್ಲರನ ಹತ್ಯಾಕಾಂಡ, ಇಸ್ರೇಲಿನ ಸುದ್ದಿ. ಈ ಮೂರರಲ್ಲೂ ಯಹೂದಿಯೊಬ್ಬ ದಿನಬೆಳಗಾದರೆ ಏನು ಪ್ರಾರ್ಥಿಸುತ್ತಾನೆ, ಏನು ಹಾಡುತ್ತಾನೆ ಎಂಬುದಕ್ಕೆ ಜಾಗವಿಲ್ಲ. ಅವರ ಧರ್ಮಗ್ರಂಥವನ್ನು ನಾವು ಸಲೀಸಾಗಿ ‘ಹಳೆಯ ಒಡಂಬಡಿಕೆ’ ಅಂದುಬಿಡುತ್ತೇವೆ. ಅದು ಕ್ರೈಸ್ತರು ಇಟ್ಟ ಹೆಸರು. ಹೊಸದೊಂದನ್ನು ಒಪ್ಪದವರಿಗೆ ತಮ್ಮದು ಹಳೆಯದು ಹೇಗಾದೀತು? ಇಂಥ ಪ್ರಶ್ನೆಗಳನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಯಹೂದಿ ಧರ್ಮದ ಲೇಖನಗಳಿಗೆಂದೇ ಇರುವ ಸ್ವಯಂಸೇವಕರ ಗುಂಪು ಕೂತು ಬಗೆಹರಿಸುತ್ತ ಬಂದಿದೆ. ಕನ್ನಡದಲ್ಲಿ ಅಷ್ಟು ಜನರಿಲ್ಲ, ಪ್ರಶ್ನೆಗಳು ಮಾತ್ರ ಅಷ್ಟೇ ಇವೆ.

ಯಹೂದಿಗಳು ಕನ್ನಡ ನೆಲಕ್ಕೆ ತೀರ ಹೊರಗಿನವರೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಶರಣರ ಚಳವಳಿ ರೂಪುಗೊಳ್ಳುತ್ತಿದ್ದ ಕಾಲಕ್ಕೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ. ಅವನ ಪತ್ರಗಳು ಕೈರೋದ ಪುರಾತನ ಸಿನಗಾಗ್ ಒಂದರ ಕಾಗದದ ಕೋಣೆಯಲ್ಲಿ ಉಳಿದಿದ್ದವು. ಅವನ ಆಳು ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಯಹೂದಿ ಧರ್ಮದೊಳಗಿನ ಹಸಿಡಿಕ್ ಪಂಥದ ವಿಷಯಕ್ಕೆ ಬಂದರೆ, ರಾಯಚೂರು ಸೀಮೆಯವರಿಗೆ ಅದು ತಟ್ಟನೆ ಹತ್ತಿರವಾಗುತ್ತದೆ ಎಂದು ನನಗೆ ಖಾತ್ರಿಯಿದೆ. ಈ ಪಂಥ ಹುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ, ಇಂದಿನ ಉಕ್ರೇನಿನ ಪಶ್ಚಿಮ ಭಾಗದಲ್ಲಿ. ಮೂಲಪುರುಷ ಬಾಲ್ ಶೆಮ್ ತೋವ್ 1760ರಲ್ಲಿ ತೀರಿಕೊಂಡ. ದೇವರನ್ನು ಸೇರಲು ಪಾಂಡಿತ್ಯವೊಂದೇ ದಾರಿಯಲ್ಲ, ಉಪವಾಸದಲ್ಲಿ ದೇಹ ದಂಡಿಸಬೇಕಿಲ್ಲ, ಉಣ್ಣುವಾಗ, ದುಡಿಯುವಾಗ, ಹಾಡುವಾಗಲೂ ಮನಸ್ಸು ಅವನಲ್ಲಿ ಅಂಟಿಕೊಂಡಿರಬಹುದು ಎಂದು ಈ ಪಂಥ ಸಾರಿತು. ಅದೇ ಕಾಲಕ್ಕೆ ಇಲ್ಲಿ ಏನಾಗುತ್ತಿತ್ತು? ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು (1682–1755), ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಟ್ಟಿಯ ಜಗನ್ನಾಥದಾಸರು ಕನ್ನಡದಲ್ಲಿ ಹಾಡು ಕಟ್ಟಿ ಊರೂರು ತಿರುಗುತ್ತಿದ್ದರು.

ಒಂದು ಕಥೆ ದಾಸರಲ್ಲೂ ಹಸಿಡಿಕ್ ಜನರಲ್ಲೂ ಇದೆ. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುವ ವಿಜಯದಾಸರ ಮನೆಯ ಊಟಕ್ಕೆ ಬರಲೊಪ್ಪದೆ ಹೊಟ್ಟೆನೋವಿನ ನೆವ ಹೇಳಿದರಂತೆ. ಆಮೇಲೆ ಆ ಹೊಟ್ಟೆನೋವು ನಿಜವಾಗಿಯೇ ಬಂದು ಬಿಡಲಿಲ್ಲವಂತೆ. ಕೊನೆಗೆ ವಿಜಯದಾಸರ ಮಾತಿನಂತೆ ಗೋಪಾಲದಾಸರ ಬಳಿ ಹೋದರು. ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದು ಉಳಿಸಿದರೆಂದು ಸಂಪ್ರದಾಯದ ನಂಬಿಕೆ. ಅತ್ತ ದೋವ್ ಬೇರ್ ಎಂಬ ಯಹೂದಿ ಪಂಡಿತ ಕಠಿಣ ಉಪವಾಸಗಳಿಂದ ಆರೋಗ್ಯ ಕೆಡಿಸಿಕೊಂಡು, ವಾಸಿಮಾಡುತ್ತಾನೆಂಬ ಆಸೆಯಿಂದ ಬಾಲ್ ಶೆಮ್ ತೋವ್‌ನ ಬಳಿ ಹೋದನೆಂದೂ ಅಲ್ಲಿಯೇ ಶಿಷ್ಯನಾದನೆಂದೂ ಹಸಿಡಿಕ್ ಪರಂಪರೆ ಹೇಳುತ್ತದೆ. ಗುರುವಿನ ನಂತರ ಪಂಥ ಬೆಳೆಸಿದವನು ಅವನೇ. ಇತ್ತ ಶ್ರೀನಿವಾಸಾಚಾರ್ಯರು ‘ಹರಿಕಥಾಮೃತಸಾರ’ದ ಕರ್ತೃವಾದರು. ಎರಡು ಕಡೆಯೂ ಪಾಂಡಿತ್ಯ ಹಾಡಿಗೆ ತಲೆಬಾಗಿದ ಕಥೆ. ಪಾಂಡಿತ್ಯದ ಕಡೆಯಿಂದ ವಿರೋಧವೂ ಬಂತು. ವಿಲ್ನಾದ ಮಹಾ ವಿದ್ವಾಂಸ ಎಲೈಜಾನ ಬೆಂಬಲದೊಂದಿಗೆ 1772ರಲ್ಲಿ ಹಸಿಡಿಕ್ ಜನರಿಗೆ ಬಹಿಷ್ಕಾರ ಹಾಕಲಾಯಿತು.

ಈ ಹೋಲಿಕೆ ಪತ್ರಿಕೆಯ ಲೇಖನಕ್ಕೆ ಸರಿ. ವಿಕಿಪೀಡಿಯದ ಪುಟಕ್ಕೆ ಹಾಕಿದರೆ ಯಾರಾದರೂ ತೆಗೆಯುತ್ತಾರೆ, ತೆಗೆಯಲೇಬೇಕು. ಬೇರೆ ಯಾರೂ ಪ್ರಕಟಿಸದ ಸ್ವಂತ ಸಂಶೋಧನೆ ಅಲ್ಲಿ ಸಲ್ಲದು. ಬರೆಯುವವನ ಹೊಳಹಿಗಿಂತ ಓದುಗ ತಾನೇ ಪರಿಶೀಲಿಸಿ ನೋಡಬಲ್ಲ ಆಧಾರಕ್ಕೆ ಅಲ್ಲಿ ಬೆಲೆ. ಈ ನಿಯಮದ ಬಗ್ಗೆ ಸಿಟ್ಟಾಗುವವರನ್ನು ಕಂಡಿದ್ದೇನೆ. ಧರ್ಮದ ವಿಷಯದಲ್ಲಿ ಅದರಷ್ಟು ಕಾಪಾಡುವ ನಿಯಮ ಇನ್ನೊಂದಿಲ್ಲವೆಂದು ನನ್ನ ನಂಬಿಕೆ.

ಏಕೆಂದರೆ ಸಂತರ ಜೀವನ ಎರಡು ಬಗೆಯಲ್ಲಿ ಉಳಿದಿರುತ್ತದೆ. ಬಾಲ್ ಶೆಮ್ ತೋವ್‌ನ ಪವಾಡಗಳ ಸಂಗ್ರಹ ಅಚ್ಚಾದದ್ದು ಅವನು ಸತ್ತು ಅರ್ಧ ಶತಮಾನದ ಮೇಲೆ. 1996ರಲ್ಲಿ ಮೋಶೆ ರೋಸ್ಮನ್ ಎಂಬ ಇತಿಹಾಸಕಾರ ಪೋಲೆಂಡಿನ ಜಮೀನ್ದಾರಿ ಮನೆತನದ ಕಡತಗಳನ್ನು ಆಧರಿಸಿ ಒಂದು ಪುಸ್ತಕ ಬರೆದರು. ಆ ಕಡತಗಳ ತೆರಿಗೆ ಲೆಕ್ಕದಲ್ಲಿ ಮೆಜಿಬಿಜ್ ಊರಿನ ಯಹೂದಿ ಪಂಚಾಯಿತಿಗೆ ಸೇರಿದ ಒಂದು ಮನೆ, ಅದರಲ್ಲಿ ತೆರಿಗೆಯಿಲ್ಲದೆ ವಾಸವಿದ್ದ ಒಬ್ಬ ಬಾಲ್ ಶೆಮ್. ಕಾಡಿನ ಏಕಾಂಗಿ ಫಕೀರನಂತೆ ಜನ ಬಣ್ಣಿಸುತ್ತಿದ್ದವನು ಊರವರ ಮರ್ಯಾದೆಯಲ್ಲಿ ಇದ್ದವನೆಂದು ಆ ಲೆಕ್ಕದ ಸಾಲು ತೋರಿಸಿತು. ಒಳ್ಳೆಯ ವಿಶ್ವಕೋಶದಲ್ಲಿ ಪವಾಡವೂ ಇರಬೇಕು, ತೆರಿಗೆ ಲೆಕ್ಕವೂ ಇರಬೇಕು. ಯಾವುದು ಭಕ್ತರ ನಂಬಿಕೆ, ಯಾವುದು ದಾಖಲೆ ಎಂಬುದು ಓದುಗನಿಗೆ ಸ್ಪಷ್ಟವಾಗಿರಬೇಕು. ಗೋಪಾಲದಾಸರ ಆಯುರ್ದಾನವನ್ನೂ ಹೀಗೆಯೇ ಬರೆಯಬೇಕು. ಅದನ್ನು ಕೈಬಿಟ್ಟರೆ ದಾಸರನ್ನು ಎರಡು ಶತಮಾನ ಪೂಜಿಸಿದ ಜನರನ್ನೇ ಕೈಬಿಟ್ಟಂತಾಗುತ್ತದೆ. ಇತಿಹಾಸವೆಂದು ಬರೆದರೆ ಓದುಗನ ನಂಬಿಕೆ ಕಳೆದುಕೊಳ್ಳುತ್ತೇವೆ.

ಭಕ್ತರೇ ತಮ್ಮ ಗುರುವಿನ ಪುಟ ಬರೆಯಬಹುದೇ ಎಂಬುದು ಇನ್ನೊಂದು ಗಂಟು. ಹಸಿಡಿಕ್ ಶಾಖೆಗಳಲ್ಲೊಂದಾದ ಛಾಬಾದ್ ಹೆಸರು ನಮ್ಮ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು 2008ರ ನವೆಂಬರಿನಲ್ಲಿ, ಮುಂಬೈಯ ನಾರಿಮನ್ ಹೌಸ್ ಮೇಲೆ ದಾಳಿಯಾದಾಗ. ಈ ಶಾಖೆಯ ಗುರು ಮೆನಾಕೆಮ್ ಮೆಂಡೆಲ್ ಶ್ನೇರ್ಸನ್ 1994ರಲ್ಲಿ ತೀರಿಕೊಂಡರು. ಅವರೇ ಬರಲಿರುವ ಉದ್ಧಾರಕ ‘ಮೆಸ್ಸೀಯ’ ಎಂದು ನಂಬುವ ಅನುಯಾಯಿಗಳಿದ್ದಾರೆ, ಒಪ್ಪದ ಯಹೂದಿಗಳು ಅದಕ್ಕಿಂತ ಹೆಚ್ಚಿದ್ದಾರೆ. ಛಾಬಾದ್ ಲೇಖನಗಳ ಜಗಳ ಇಂಗ್ಲಿಷ್ ವಿಕಿಪೀಡಿಯದಲ್ಲಿ 2010ರಲ್ಲಿ ಅಲ್ಲಿನ ವಿವಾದ ತೀರ್ಮಾನಿಸುವ ಪಂಚಾಯಿತಿ ಸಮಿತಿಯ ತನಕ ಹೋಯಿತು. ನಮ್ಮಲ್ಲಿ ಅದರ ಸಣ್ಣ ರೂಪಗಳು ದಿನವೂ ಇವೆ: ಮಠಾಧೀಶರ ಹೆಸರಿನ ಹಿಂದೆ ಎಷ್ಟು ಬಿರುದು ಇರಬೇಕು, ನಿಧನ ಎನ್ನಬೇಕೋ ಲಿಂಗೈಕ್ಯ ಎನ್ನಬೇಕೋ. ಭಕ್ತರನ್ನು ದೂರವಿಡುವುದು ಇದಕ್ಕೆ ಪರಿಹಾರವಲ್ಲ. ಯಾವ ಹಾಡನ್ನು ಯಾವಾಗ ಹಾಡುತ್ತಾರೆ ಎಂಬುದು ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಅವರು ಬರೆಯಲಿ, ಬೇರೆಯವರು ಪಕ್ಕದಲ್ಲಿ ಕೂತು ಆಧಾರ ಕೇಳಲಿ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಇಂಥ ಚರ್ಚೆಗೆ ಹೇಳಿ ಮಾಡಿಸಿದ ವಿಷಯ. ಕರ್ಬಲಾದ ಶೋಕಾಚರಣೆ ಎಂದು ಶುರುಮಾಡಿದರೆ ಇತಿಹಾಸ ಸರಿ. ಆದರೆ ಅಲ್ಲಿ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ದೊಡ್ಡ ಸಂಖ್ಯೆಯಲ್ಲಿ ಇರುತ್ತಾರೆ, ಹೆಜ್ಜೆ ಹಾಕುತ್ತ ಅಲಾಯಿ ಕುಣಿಯುತ್ತಾರೆ, ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ದೂರದ ನಗರದಲ್ಲಿ ಕೂತು ಇಂಗ್ಲಿಷ್ ಲೇಖನ ನೋಡಿ ಬರೆದರೆ ಈ ಎರಡನೆಯ ಭಾಗ ಪೂರ್ತಿ ಬಿಟ್ಟುಹೋಗುತ್ತದೆ. ಊರಿನವರೊಬ್ಬರೇ ಬರೆದರೆ ಮೊದಲ ಭಾಗ ತೆಳುವಾಗಬಹುದು. ಇಬ್ಬರೂ ಒಂದೇ ಪುಟದಲ್ಲಿ ಇದ್ದಾಗ ಮಾತ್ರ ಮುದಗಲ್ಲಿನ ಮೊಹರಂ ಮುದಗಲ್ಲಿನದಾಗಿ ಕಾಣುತ್ತದೆ.

ಕನ್ನಡ ವಿಕಿಪೀಡಿಯಕ್ಕೆ ಆದ ದೊಡ್ಡ ಪೆಟ್ಟೊಂದನ್ನು ಇಲ್ಲಿ ಹೇಳಲೇಬೇಕು. ಸುಮಾರು 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಸಾಧನದ ಮೂಲಕ ಇಂಗ್ಲಿಷಿನ ಉದ್ದುದ್ದ ಲೇಖನಗಳು ನೂರಾರು ಸಂಖ್ಯೆಯಲ್ಲಿ ಇಲ್ಲಿಗೆ ಬಂದವು. ಅಕ್ಷರ ಕನ್ನಡ, ವಾಕ್ಯ ಕನ್ನಡವಲ್ಲ. ಅವನ್ನು ಸರಿಪಡಿಸುವ ಕೆಲಸ ಸ್ವಯಂಸೇವಕರ ಹೆಗಲಿಗೆ ಬಿತ್ತು. ಈಗಿನ ಯಂತ್ರಾನುವಾದ ಮೊದಲಿಗಿಂತ ನಯವಾಗಿದೆ, ಅದಕ್ಕೇ ಹೆಚ್ಚು ಎಚ್ಚರ ಬೇಕು. ಹಸಿಡಿಕ್ ಪಂಥದ ಬಗ್ಗೆ ನಾಳೆ ಒಂದು ಲೇಖನ ಯಂತ್ರದಿಂದ ಬರಬಹುದು. ಗುರುವಿನ ಸುತ್ತ ಕೂತು ಪದವಿಲ್ಲದ ರಾಗವನ್ನು ತಾಸುಗಟ್ಟಲೆ ಹಾಡುವ ಆ ಜನರನ್ನು ಭಜನೆಯ ರುಚಿ ಉಂಡವರು ಬರೆದಂತೆ ಅದು ಬರೆಯಲಾರದು.

ನಮ್ಮ ಸೀಮೆಯಲ್ಲೇ ಬರೆಯಬೇಕಾದದ್ದು ಬೇಕಾದಷ್ಟಿದೆ. ಸಿಂಧನೂರಿನ ಪಕ್ಕದ ಅಂಬಾಮಠದಲ್ಲಿ ನೆಲೆಸಿದ್ದ ಚಿದಾನಂದಾವಧೂತರ ದೇವಿಪುರಾಣವನ್ನು ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಪಾರಾಯಣ ಮಾಡುತ್ತಾರೆ. ಅವರ ‘ಜ್ಞಾನಸಿಂಧು’ವನ್ನು ತತ್ವಪದದ ಮಂದಿ ಈಗಲೂ ಓದುತ್ತಾರೆ. ಜಗನ್ನಾಥದಾಸರ ಶಿಷ್ಯ ಪ್ರಾಣೇಶದಾಸರು ಲಿಂಗಸುಗೂರಿನವರು. ಇವರ ಬಗ್ಗೆ ಬರೆಯಲು ಪ್ರಕಟಿತ ಆಧಾರವಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳ ಸಂಪುಟಮಾಲೆಯನ್ನೇ ತಂದಿದೆ, ದಾಸಸಾಹಿತ್ಯದ ಸಂಪುಟಗಳೂ ಬಂದಿವೆ. ಅವುಗಳನ್ನು ತೆರೆದು, ಪುಟಸಂಖ್ಯೆ ಹಾಕಿ, ನಾಲ್ಕು ಸಾಲು ಸೇರಿಸುವವರು ಬೇಕು.

ಸೇರಿಸಲು ಒಂದು ಖಾತೆ ಇದ್ದರೆ ಅನುಕೂಲ. ಅದಕ್ಕೆ ಹಣವಿಲ್ಲ, ನಿಜ ಹೆಸರು ಕೊಡಬೇಕೆಂಬ ಕಟ್ಟುಪಾಡೂ ಇಲ್ಲ. ಮೊದಲು ಪ್ರಯೋಗಪುಟದಲ್ಲಿ ಬರೆದು ನೋಡಬಹುದು. ಮಠದ ಅಥವಾ ಕೋಟೆಯ ಚಿತ್ರ ಸ್ವತಃ ತೆಗೆದದ್ದಾದರೆ ಕಾಮನ್ಸ್ ಎಂಬ ಚಿತ್ರಭಂಡಾರಕ್ಕೆ ಏರಿಸಬಹುದು. ಬೇರೆಯವರ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಬೇಡ. ಪುಸ್ತಕದ ಸಾಲುಗಳನ್ನು ಇದ್ದಂತೆ ನಕಲು ಮಾಡದೆ ಸ್ವಂತ ಮಾತಿನಲ್ಲಿ ಬರೆಯಬೇಕು. ಯಾರಾದರೂ ನಿಮ್ಮ ಸಾಲು ಅಳಿಸಿದರೆ ಮತ್ತೆ ಅದನ್ನೇ ಹಾಕುತ್ತ ಕೂರದೆ ಚರ್ಚೆ ಪುಟಕ್ಕೆ ಹೋಗಿ ಕಾರಣ ಕೇಳಿ. ಕೇಳಿದ್ದಕ್ಕೆ ಉತ್ತರ ಬರುವುದು ಕೆಲವೊಮ್ಮೆ ತಡವಾಗುತ್ತದೆ, ಅತ್ತ ಕಡೆ ಇರುವವರೂ ಆಫೀಸು, ಪಾಠ ಮುಗಿಸಿ ರಾತ್ರಿ ಕೂತು ಬರೆಯುವವರು.