ನೀರು ಸೋಕಿದರೆ ಕುದಿಯುವ ಕಲ್ಲು

ವೆಲ್ಡಿಂಗ್ ಅಂಗಡಿಯ ಮೂಲೆಯ ತಗಡಿನ ಡಬ್ಬದಲ್ಲಿ ಬೂದುಬಣ್ಣದ ಕಲ್ಲಿನ ಚೂರುಗಳಿರುತ್ತವೆ. ಹತ್ತಿರ ಹೋದರೆ ಬೆಳ್ಳುಳ್ಳಿಯಂಥ ವಾಸನೆ. ನೋಡಲು ರಸ್ತೆಯ ಜಲ್ಲಿಯಂತಿದ್ದರೂ ಕ್ಯಾಲ್ಸಿಯಂ ಕಾರ್ಬೈಡ್ ಎಂಬ ಈ ಕಲ್ಲನ್ನು ಯಾರೂ ನೆಲದಿಂದ ಅಗೆದು ತೆಗೆದದ್ದಲ್ಲ. ಇದು ಮನುಷ್ಯ ಮಾಡಿದ್ದು.

ಅದನ್ನು ಅಗ್ಗವಾಗಿ ಮಾಡುವ ದಾರಿ ಸಿಕ್ಕಿದ್ದು ಮಾತ್ರ ಬೇರೇನನ್ನೋ ಮಾಡಲು ಹೊರಟಾಗ! 1892ರಲ್ಲಿ ಕೆನಡಾದ ಥಾಮಸ್ ವಿಲ್ಸನ್ ಅಮೆರಿಕದ ಸ್ಪ್ರೇ ಎಂಬ ಊರಿನಲ್ಲಿ ಅಲ್ಯೂಮಿನಿಯಂ ತಯಾರಿಸುವ ಪ್ರಯತ್ನದಲ್ಲಿದ್ದ. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಲೋಹ ಸಿಗಬಹುದೆಂದು ಸುಣ್ಣವನ್ನೂ ಡಾಂಬರನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದ. ಸಿಕ್ಕ ಗಟ್ಟಿಯನ್ನು ನೀರಿಗೆ ಹಾಕಿದಾಗ ಅನಿಲ ಬುಸುಗುಟ್ಟಿತು. ಅದು ಕ್ಯಾಲ್ಸಿಯಂ ಆಗಿದ್ದರೆ ಜಲಜನಕ ಬಂದು ಹೊಗೆಯಿಲ್ಲದೆ ಉರಿಯಬೇಕಿತ್ತು. ಈ ಅನಿಲವಾದರೋ ಉರಿಯುತ್ತ ಕಪ್ಪು ಮಸಿ ಕಾರಿತು. ಮಸಿಯೆಂದರೆ ಇಂಗಾಲ. ಹೊರಬಂದದ್ದು ಅಸಿಟಿಲೀನ್.

ಈ ಅನಿಲವನ್ನು ಎಡ್ಮಂಡ್ ಡೇವಿ 1836ರಲ್ಲೇ ಕಂಡಿದ್ದ. ಕಾರ್ಬೈಡಿನಿಂದ ಅದನ್ನು ಪಡೆಯುವುದು 1862ರಲ್ಲಿ ವೋಲರ್‌ಗೂ ತಿಳಿದಿತ್ತು. ಆದರೆ ಅದು ಕಾರ್ಖಾನೆಯ ಸರಕಾದದ್ದು ವಿಲ್ಸನ್ನನ ಕುಲುಮೆಯಿಂದ.

ಇಂದೂ ವಿಧಾನ ಅದೇ. ಸುಣ್ಣದ ಕಲ್ಲನ್ನು ಸುಟ್ಟು ಪಡೆದ ಸುಣ್ಣದ ಜೊತೆ ಕೋಕ್ ಬೆರೆಸಿ, ಇಂಗಾಲದ ವಿದ್ಯುದ್ವಾರಗಳಿರುವ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಸಾಧಾರಣ ಒಲೆಯ ಬೆಂಕಿಗೆ ಇದು ಎಟುಕದ ಮಾತು. 56 ಗ್ರಾಂ ಸುಣ್ಣ, 36 ಗ್ರಾಂ ಇಂಗಾಲ ಕೂಡಿ 64 ಗ್ರಾಂ ಕಾರ್ಬೈಡ್ ಆಗುತ್ತದೆ; ಉಳಿದ 28 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಹೋಗುತ್ತದೆ. ಕರಗಿದ ಕಾರ್ಬೈಡನ್ನು ಹೊರಗೆ ಹರಿಸಿ, ಆರಿಸಿ, ಒಡೆದು, ತೇವ ತಾಗದಂತೆ ಡ್ರಮ್ಮಿಗೆ ತುಂಬುತ್ತಾರೆ.

ಇಷ್ಟೆಲ್ಲ ಕಷ್ಟ ಕುಲುಮೆಯಲ್ಲೇ ಮುಗಿದಿರುವುದರಿಂದ ಮುಂದಿನ ಕೆಲಸಕ್ಕೆ ಬರೀ ನೀರು ಸಾಕು. 64 ಗ್ರಾಂ ಶುದ್ಧ ಕಾರ್ಬೈಡ್ 26 ಗ್ರಾಂ ಅಸಿಟಿಲೀನ್ ಕೊಟ್ಟು, 74 ಗ್ರಾಂ ಅರಳಿದ ಸುಣ್ಣವನ್ನು ಉಳಿಸುತ್ತದೆ. ಆಮ್ಲಜನಕದೊಡನೆ ಉರಿದರೆ ಈ ಅನಿಲದ ಜ್ವಾಲೆ 3000 ಡಿಗ್ರಿ ದಾಟುತ್ತದೆ, ಕಬ್ಬಿಣ ಕರಗುತ್ತದೆ.

ಆದರೆ ಅಸಿಟಿಲೀನನ್ನು ಹಾಗೆಯೇ ಒತ್ತಿ ತುಂಬಿದರೆ ಗಾಳಿಯಿಲ್ಲದೆಯೂ ಸಿಡಿಯಬಲ್ಲದು. ಅದಕ್ಕೇ ಅದರ ಸಿಲಿಂಡರಿನೊಳಗೆ ರಂಧ್ರಮಯ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಹೀರಿಸಿ, ಅದರಲ್ಲಿ ಅನಿಲವನ್ನು ಕರಗಿಸಿಡುತ್ತಾರೆ. ದೀಪಸ್ತಂಭಗಳಿಗೆ ಅಸಿಟಿಲೀನ್ ಬೆಳಕು ಅಳವಡಿಸಿದ ಸ್ವೀಡನ್ನಿನ ಗುಸ್ತಾಫ್ ದಾಲೆನ್ 1912ರಲ್ಲಿ ನೊಬೆಲ್ ಪಡೆದ. ಅದೇ ವರ್ಷ ಪ್ರಯೋಗವೊಂದರಲ್ಲಿ ಅನಿಲ ಸಿಡಿದು ಅವನ ಎರಡೂ ಕಣ್ಣು ಹೋದವು.

ಇಂಥ ವಸ್ತು ಮಾವಿನ ಹಣ್ಣಿನ ಬುಟ್ಟಿಗೂ ನುಸುಳುತ್ತದೆ. ಗಾಳಿಯ ತೇವಕ್ಕೇ ಅಸಿಟಿಲೀನ್ ಹೊಮ್ಮಿ ಕಾಯಿಗೆ ಬಣ್ಣ ಬರುತ್ತದೆ. ಜೊತೆಗೆ ಕಲಬೆರಕೆಯಾಗಿರುವ ರಂಜಕ, ಆರ್ಸೆನಿಕ್‌ಗಳಿಂದ ವಿಷಾನಿಲಗಳೂ ಬರಬಹುದು. ಆ ಬೆಳ್ಳುಳ್ಳಿ ವಾಸನೆ ಅವುಗಳದೇ. ಭಾರತದಲ್ಲಿ ಇದರಿಂದ ಹಣ್ಣು ಮಾಗಿಸುವುದು ನಿಷಿದ್ಧ.

2025ರ ದೀಪಾವಳಿಯಲ್ಲಿ ಇದು ಮಕ್ಕಳ ಕೈಗೂ ಬಂತು. ಪ್ಲಾಸ್ಟಿಕ್ ಕೊಳವೆಗೆ ಕಾರ್ಬೈಡ್ ಚೂರು, ನೀರು ಹಾಕಿ ಕಿಡಿ ಹೊತ್ತಿಸುವ ‘ಕಾರ್ಬೈಡ್ ಗನ್’ನಿಂದ ಭೋಪಾಲ್ ಮತ್ತು ಮಧ್ಯಪ್ರದೇಶದ ಇತರೆಡೆ ಅನೇಕ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಸಿಡಿಯಲಿಲ್ಲವಲ್ಲ ಎಂದು ಕೊಳವೆಯೊಳಗೆ ಇಣುಕಿದವರೂ ಇದ್ದರು. ಶಾಖದ ಜೊತೆ ಕಣ್ಣಿಗೆ ಬೀಳುವುದು ಸುಣ್ಣ; ಅದು ಸುಡುತ್ತಲೇ ಇರುತ್ತದೆ. ಹಾಗಾದಾಗ ಕಣ್ಣುಜ್ಜದೆ, ಧಾರಾಳವಾಗಿ ನೀರು ಹಾಯಿಸಿ ತೊಳೆದು, ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.